ಆಜೀವ ಸದಸ್ಯರ ಸಾಂಬಾರು ಸಂಶೋಧನೆ

ನನ್ನ ಚಿಕ್ಕಪ್ಪ ಹನ್ನೊಂದು ವಿದ್ವತ್ ಸಂಘಗಳ ಆಜೀವ ಸದಸ್ಯರು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಸ್ಯಶಾಸ್ತ್ರ, ಸಂಖ್ಯಾಶಾಸ್ತ್ರ... ಮುಂದಿನದನ್ನು ನೀವೇ ಊಹಿಸಿಕೊಳ್ಳಿ, ಯಾವುದನ್ನು ಊಹಿಸಿದರೂ ತಪ್ಪಾಗುವುದಿಲ್ಲ. ಇಷ್ಟೊಂದು ಶಾಸ್ತ್ರಗಳಿಗೆ ಏಕಕಾಲಕ್ಕೆ ಸೇರಿದ ಇನ್ನೊಬ್ಬರು ಇಡೀ ಗುಜರಾತಿನಲ್ಲಿ ಇದ್ದಾರೋ ಇಲ್ಲವೋ ನನಗೆ ತಿಳಿಯದು. ಆದರೆ ಏಳನೇ ಕ್ಲಾಸಿನಲ್ಲಿ ಎರಡೆರಡು ಸಲ ನಪಾಸಾದವರ ಪೈಕಿ ಇವರೇ ಮೊದಲಿಗರು ಎಂದು ಎದೆ ತಟ್ಟಿ ಹೇಳಬಲ್ಲೆ!

ಚಿಕ್ಕಪ್ಪನ ನಿಜವಾದ ಕಸುಬು ಹೋಟೆಲು. ವಡೋದರಾದಲ್ಲಿ, ವಿಶ್ವವಿದ್ಯಾಲಯದಿಂದ ಕೂಗಳತೆಯ ದೂರದಲ್ಲಿ, ಹನ್ನೆರಡು ಮೇಜಿನ ಉಡುಪಿ ಹೋಟೆಲು. ನಾನು ಬ್ಯಾಂಕಿನವಳು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ ಬ್ಯಾಂಕು ನನ್ನನ್ನು ಕುಂದಾಪುರದಿಂದ ಎತ್ತಿ ವಡೋದರಾದಲ್ಲಿ ಇಳಿಸಿತು. ಚಿಕ್ಕಮ್ಮ ಇರುವಾಗ ಬೇರೆ ರೂಮು ಯಾಕೆ ಎಂದು ಅಮ್ಮ ಹೇಳಿದ್ದರಿಂದ ಪೆಟ್ಟಿಗೆ ಸಮೇತ ಅವರ ಮನೆಗೆ ಬಂದೆ. ಮನೆ ಎಂದು ತಿಳಿದು ಬಂದದ್ದು. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಸದಸ್ಯತ್ವದ ಪ್ರಮಾಣಪತ್ರಗಳು. ದೇವರ ಪಟಕ್ಕೆ ಜಾಗ ಸಾಲದೆ ಕೃಷ್ಣನನ್ನು ಫ್ರಿಜ್ಜಿನ ಮೇಲೆ ಕೂರಿಸಿದ್ದರು.

"ಇದೆಲ್ಲ ಹೇಗೆ ಶುರುವಾಯ್ತು ಚಿಕ್ಕಮ್ಮ?" ಎಂದು ಕೇಳಿದೆ.

"ಚಾದಿಂದ," ಎಂದರು ಚಿಕ್ಕಮ್ಮ. "ಆ ದಿನ ಚಾ ಕೊಟ್ಟು ಸೀದಾ ಮನೆಗೆ ಬರ್ತಿದ್ದರೆ ಎಂತದೂ ಆಗ್ತಿರ್ಲಿಲ್ಲ."

ವಿಷಯ ಇಷ್ಟು. ವಿದ್ವಾಂಸರ ಸಮ್ಮೇಳನಗಳಿಗೆ ಚಾ, ತಿಂಡಿ, ಊಟ ಒದಗಿಸುವುದು ಚಿಕ್ಕಪ್ಪನ ಹಳೆಯ ವ್ಯವಹಾರ. ಇದು ಮದುವೆ ಮನೆಯ ಊಟದಷ್ಟು ಸುಲಭವಲ್ಲ. ಮದುವೆಯಲ್ಲಿ ಮುಹೂರ್ತ ಎಂಬುದೊಂದು ಇರುತ್ತದೆ. ಸಮ್ಮೇಳನದ ಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ಚಾ ಎಂದು ಅಚ್ಚಾಗಿರುತ್ತದೆ, ಹನ್ನೊಂದು ಗಂಟೆಗೆ ಉದ್ಘಾಟಕರು ಬರುತ್ತಾರೆ! ಯಾವ ಪ್ರಬಂಧ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದೆ ಚಾ ಕಾಯಿಸಿದರೆ ಅದು ಕಷಾಯವಾಗುತ್ತದೆ, ಕಾಯಿಸದಿದ್ದರೆ ತಣ್ಣೀರಾಗುತ್ತದೆ. ಅದಕ್ಕಾಗಿ ಚಿಕ್ಕಪ್ಪ ಸಭಾಂಗಣದ ಹಿಂದಿನ ಬಾಗಿಲಲ್ಲಿ ಚಾದ ಡ್ರಮ್ಮಿನ ಪಕ್ಕ ನಿಂತು ಒಳಗಿನ ಮಾತಿಗೆ ಕಿವಿ ಕೊಡುತ್ತಿದ್ದರು. 'ಕೊನೆಯದಾಗಿ' ಎಂಬ ಮಾತು ಕೇಳಿದರೆ ಒಲೆ ಸಣ್ಣಗೆ ಹಚ್ಚುವುದು, 'ಈ ಎಲ್ಲ ಕಾರಣಗಳಿಂದ' ಎಂದರೆ ಉರಿ ಏರಿಸುವುದು, ಚಪ್ಪಾಳೆ ಬಿದ್ದರೆ ಲೋಟ ಹಿಡಿಯುವುದು. ಹಾಗೆ ವರ್ಷಾನುಗಟ್ಟಲೆ ಚಾದ ಸಲುವಾಗಿ ಕೇಳುತ್ತ ಕೇಳುತ್ತ, ಒಂದು ದಿನ ಹಳೆಯ ಬಾವಿಗಳ ಬಗ್ಗೆ ಯಾರೋ ಓದುತ್ತಿದ್ದಾಗ ಚಪ್ಪಾಳೆ ಬಿದ್ದದ್ದೇ ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲವಂತೆ. ನೂರೈವತ್ತು ಜನ ಹೊರಗೆ ಬಂದು ನೋಡಿದರೆ ಒಲೆ ಆರಿದೆ, ಹೋಟೆಲಿನವನು ಬಾಗಿಲಿಗೆ ಒರಗಿ ಬಾವಿಯೊಳಗೆ ಇಳಿದುಬಿಟ್ಟಿದ್ದಾನೆ.

ಮರುದಿನವೇ ಸದಸ್ಯತ್ವದ ಫಾರಂ ತಂದರು. ಸಂಘದ ಕಾರ್ಯದರ್ಶಿಗಳು ಕೊಂಚ ಹಿಂದೆ ಮುಂದೆ ನೋಡಿದರು. ಫಾರಂನಲ್ಲಿ 'ವಿಷಯದಲ್ಲಿ ಆಸಕ್ತಿಯುಳ್ಳ ಯಾರಾದರೂ' ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಚಿಕ್ಕಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, "ನನಗೆ ಆಸಕ್ತಿ ಇಲ್ಲ ಅಂತ ಯಾರು ಹೇಳಿದ್ದು ಸಾರ್?" ಎಂದು ಕೇಳಿದರು. ನಿನ್ನೆ ಅವರ ಕೈಯ ಮಸಾಲೆ ದೋಸೆ ತಿಂದ ಕಾರ್ಯದರ್ಶಿಗಳು ಸಹಿ ಹಾಕಿದರು. ಇತಿಹಾಸದವರು ಸೇರಿಸಿಕೊಂಡ ಮೇಲೆ ಭೂಗೋಳದವರು ಬಿಡಲಿಕ್ಕುಂಟೇ? ಹೀಗೆ ಹನ್ನೊಂದಾಯಿತು.

ಶಾಸ್ತ್ರಗಳನ್ನು ಅವರು ಅಳೆಯುವ ಕ್ರಮವೇ ಬೇರೆ. "ಗಣಿತದವರು ದೇವರಂಥ ಜನ ಮಾರಾಯ್ತಿ," ಎಂದು ಒಂದು ದಿನ ಕಾಫಿ ಕುಡಿಯುತ್ತ ನನಗೆ ಪಾಠ ಹೇಳಿದರು. "ತಟ್ಟೆ ಹಿಡ್ಕೊಳ್ತಾರೆ, ತಿನ್ಲಿಕ್ಕೆ ಮರೀತಾರೆ. ಸಸ್ಯಶಾಸ್ತ್ರದವರು ಉಪ್ಪಿಟ್ಟಿನ ಕರಿಬೇವನ್ನು ಎತ್ತಿ ಬೆಳಕಿಗೆ ಹಿಡೀತಾರೆ. ತತ್ತ್ವಶಾಸ್ತ್ರದವರಿಗೆ ಮಾತ್ರ ಚಾ ಎರಡು ಸಲ ಕಾಯಿಸ್ಬೇಕು, ಕುಡಿಯುವುದಾ ಬೇಡವಾ ಅಂತ ತೀರ್ಮಾನ ಆಗುವಾಗ ಆರಿರ್ತದೆ. ಇಂಜಿನಿಯರಿಂಗಿನವರು ಬಂದರೆ ಡ್ರಮ್ಮಿನ ನಲ್ಲಿ ಬಿಚ್ಚಿಡ್ತಾರೆ, ಮತ್ತೆ ಜೋಡಿಸ್ಲಿಕ್ಕೆ ನಾನೇ ಬೇಕು."

"ಬ್ಯಾಂಕಿನವರು?"

"ಅವರಿಗೆ ಸಂಘ ಇಲ್ಲ. ಯೂನಿಯನ್ ಉಂಟು," ಎಂದು ಲೋಟ ಕೆಳಗಿಟ್ಟರು.

ಪ್ರತಿ ಸಮ್ಮೇಳನದಲ್ಲೂ ಸದಸ್ಯರಿಗೆ ಸಂಘದ ಹೆಸರು ಅಚ್ಚಾದ ಒಂದು ಚೀಲ ಕೊಡುತ್ತಾರೆ ನೋಡಿ, ಅದು ಚಿಕ್ಕಮ್ಮನ ಪಾಲು. ಅವರು ತರಕಾರಿಗೆ ಹೋಗುವುದು ಆ ಚೀಲಗಳನ್ನು ಹೆಗಲಿಗೆ ಹಾಕಿಕೊಂಡೇ. ಸಂಖ್ಯಾಶಾಸ್ತ್ರದ್ದರಲ್ಲಿ ಈರುಳ್ಳಿ, ಮನಶ್ಶಾಸ್ತ್ರದ್ದರಲ್ಲಿ ಬೆಂಡೆಕಾಯಿ, ಪುರಾತತ್ತ್ವದ್ದು ಕೊಂಚ ಉದ್ದವಿದ್ದುದರಿಂದ ಅದರಲ್ಲಿ ನುಗ್ಗೆಕಾಯಿ. ನಮ್ಮ ಹೌಸಿಂಗ್ ಸೊಸೈಟಿಗೆ ಹೊಸದಾಗಿ ಬಂದ ಗುಜರಾತಿ ಹೆಂಗಸೊಬ್ಬಳು ವಾರವಿಡೀ ನೋಡಿ ನೋಡಿ, ಕೊನೆಗೆ ಕೈಮುಗಿದು, "ಬೇನ್, ತಾವು ಯಾವ ಕಾಲೇಜಿನಲ್ಲಿ ಪ್ರೊಫೆಸರು? ನನ್ನ ಮಗಳಿಗೆ ಟ್ಯೂಷನ್ ಹೇಳುತ್ತೀರಾ?" ಎಂದು ಕೇಳಿಯೇಬಿಟ್ಟಳು. ಕನ್ನಡ ಬಿಟ್ಟು ಬೇರೆ ಅಕ್ಷರ ಓದಲು ಬಾರದ ಚಿಕ್ಕಮ್ಮ ಆ ದಿನ ಮನೆಗೆ ಬಂದು ಚೀಲವನ್ನು ಚಿಕ್ಕಪ್ಪನ ಮುಂದೆ ಕುಕ್ಕಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗ ನನಗೆ ಬರುತ್ತಿರಲಿಲ್ಲ. ಚಿಕ್ಕಪ್ಪನಿಗೆ ಒಂದು ಆಸೆ ಇತ್ತು. ಆ ವೇದಿಕೆಯ ಮೇಲೆ, ಆ ಮೈಕಿನ ಮುಂದೆ, ಒಂದೇ ಒಂದು ಸಲ ನಿಂತು ತಮ್ಮದೇ ಪ್ರಬಂಧ ಓದಬೇಕು. "ಇಪ್ಪತ್ತು ವರ್ಷ ಅವರ ಹೊಟ್ಟೆ ತುಂಬಿಸಿದ್ದೇನೆ. ಒಮ್ಮೆಯಾದರೂ ತಲೆಗೆ ಏನಾದರೂ ಹಾಕ್ಬೇಕು," ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಒಂದು ಭಾನುವಾರ ದಪ್ಪ ನೋಟುಬುಕ್ಕೊಂದನ್ನು ನನ್ನ ಮಡಿಲಿಗೆ ಹಾಕಿ, "ಇದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡು," ಎಂದಾಗ ಅದು ತಮಾಷೆಯಲ್ಲ ಎಂದು ಅರ್ಥವಾಯಿತು.

ವಿಷಯ ಏನೆಂದು ಬಲ್ಲಿರಿ? ಸಾಂಬಾರು!

ನಮ್ಮ ಊರಿನ ಸಾಂಬಾರಿಗೂ ಬೆಲ್ಲ ಬೀಳುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಬಿದ್ದದ್ದು ನಾಲಿಗೆಗೆ ಗೊತ್ತಾಗಬಾರದು. ಹುಣಸೆಬೀಜದಷ್ಟು ಹಾಕಿದರೆ ಸಾಕು. ಕರಾವಳಿಯಿಂದ ಹೊರಟು ಗುಜರಾತಿಗೆ ಬಂದ ಹೋಟೆಲಿನವರು ಇಲ್ಲಿಯ ಗಿರಾಕಿಗಳ ನಾಲಿಗೆಗೆ ತಕ್ಕಂತೆ ಆ ಬೆಲ್ಲವನ್ನು ಏರಿಸುತ್ತ ಹೋದರು. ಯಾವ ಊರಿನಲ್ಲಿ ಎಷ್ಟು ಏರಿತು? ಯಾರು ಬಗ್ಗಿದರು, ಯಾರು ಬಗ್ಗಲಿಲ್ಲ? ಇದು ಚಿಕ್ಕಪ್ಪನ ಸಂಶೋಧನೆ. ಯಾವ ಅಡುಗೆಯವನೂ ತನ್ನ ಅಳತೆ ಬಾಯಿ ಬಿಡುವುದಿಲ್ಲವಾದ್ದರಿಂದ ರುಚಿ ನೋಡಿಯೇ ಅಂಕ ಕೊಡಬೇಕು. ಸೊನ್ನೆಯಿಂದ ಹತ್ತರವರೆಗೆ ಅಂಕ. ಊರಿನ ರುಚಿ ಅಂದರೆ ಸೊನ್ನೆ. ಊರು ಎಲ್ಲಿ, ವಡೋದರಾ ಎಲ್ಲಿ! ಆದ್ದರಿಂದ ಮನೆಯಲ್ಲಿ ಚಿಕ್ಕಮ್ಮ ಮಾಡುವ ಸಾಂಬಾರೇ ಸೊನ್ನೆ ಎಂದು ಅವರು ಗೊತ್ತು ಮಾಡಿದ್ದರು.

ಈ ಸೊನ್ನೆಯನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಚಿಕ್ಕಪ್ಪ ಊರೂರು ತಿರುಗಿದರು. ಬೆಳಗಿನ ರೈಲಿನಲ್ಲಿ ಸೂರತ್ತಿಗೆ ಹೋಗುವುದು, ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತು ಇಡ್ಲಿ ತರಿಸುವುದು, ಮೇಜಿನ ಕೆಳಗಿಂದ ಫ್ಲಾಸ್ಕು ತೆಗೆದು ಒಂದು ಚಮಚ ಅದು, ಒಂದು ಚಮಚ ಇದು. ಒಂದು ಸಲ ನಾನೂ ಜೊತೆಗಿದ್ದೆ. ಗಲ್ಲಾದಲ್ಲಿದ್ದ ಯಜಮಾನರು ದುರುಗುಟ್ಟಿ ನೋಡುತ್ತಿದ್ದವರು ಎದ್ದೇ ಬಂದರು.

"ಎಂತ ಸ್ವಾಮಿ, ನಮ್ಮ ಸಾಂಬಾರು ಬಾಯಿಗೆ ಇಡ್ಲಿಕ್ಕಾಗುದಿಲ್ಲ ಅಂತ ಮನೆಯಿಂದ ತಂದದ್ದಾ?"

"ಅಲ್ಲ ಸ್ವಾಮಿ," ಎಂದರು ಚಿಕ್ಕಪ್ಪ. ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿದರು. ಕಣ್ಣು ತೆರೆದಾಗ ಅವು ಹೊಳೆಯುತ್ತಿದ್ದವು. "ನಿಮ್ಮ ಕಾಲಿಗೆ ಬೀಳ್ಬೇಕು. ಇದು ಸೊನ್ನೆ! ಪೂರ್ತಿ ಸೊನ್ನೆ!"

ತಮ್ಮ ಸಾಂಬಾರಿಗೆ ಸೊನ್ನೆ ಅಂಕ ಬಂತೆಂದು ಕೇಳಿದ ಯಜಮಾನರು ನಮ್ಮನ್ನು ಎಬ್ಬಿಸಿ ಕಳಿಸಿದ ರೀತಿಯನ್ನು ಇಲ್ಲಿ ವಿವರಿಸುವುದು ಬೇಡ. ಚಿಕ್ಕಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಸೂರತ್ತಿನ ಇನ್ನೂ ಮೂರು ಹೋಟೆಲುಗಳಲ್ಲಿ ಅದೇ ಸೊನ್ನೆ ಸಿಕ್ಕಿತು. ಅವರದೇ ಹೋಟೆಲಿಗೆ ಅವರು ಪ್ರಾಮಾಣಿಕವಾಗಿ ಕೊಟ್ಟುಕೊಂಡದ್ದು ಮೂರು. ಅಹಮದಾಬಾದಿಗೆ ಏಳು. ಆ ಊರಿನದೇ ಹೊರವಲಯದ ವಟ್ವಾದಲ್ಲಿ ಬಣ್ಣದ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುವ ನಮ್ಮ ಕಡೆಯವರೊಬ್ಬರಿಗೆ ಎಂಟೂವರೆ. "ಇದು ಸಾಂಬಾರಲ್ಲ ಮಾರಾಯ್ರೇ, ಪಾಯಸಕ್ಕೆ ನುಗ್ಗೆಕಾಯಿ ಹಾಕಿದ್ದು," ಎಂದು ಚಿಕ್ಕಪ್ಪ ಅವರಿಗೆ ಮುಖದ ಮೇಲೆಯೇ ಹೇಳಿದರು. "ಹೌದು," ಎಂದು ಅವರು ಕೂಡ ಅಷ್ಟೇ ಧೈರ್ಯದಿಂದ ಒಪ್ಪಿಕೊಂಡರು. "ಮೂರು ಶಿಫ್ಟಿನವರೂ ತಟ್ಟೆ ನೆಕ್ಕಿ ಹೋಗ್ತಾರೆ. ನಿಮ್ಮದರಲ್ಲಿ ನೆಕ್ತಾರಾ?"

ಒಟ್ಟಿನಲ್ಲಿ ಸಿದ್ಧಾಂತ ತಯಾರಾಯಿತು. ಉತ್ತರಕ್ಕೆ ಹೋದ ಹಾಗೆಲ್ಲ ನಮ್ಮವರು ಬಗ್ಗಿದ್ದಾರೆ, ಆದರೆ ಸೂರತ್ತಿನವರು ಮಾತ್ರ ಊರಿನ ರುಚಿಯನ್ನು ಎಳ್ಳಷ್ಟೂ ಬಿಟ್ಟುಕೊಟ್ಟಿಲ್ಲ! ಇದನ್ನು ಹೇಳುವಾಗ ಚಿಕ್ಕಪ್ಪನ ಎದೆ ಎರಡಿಂಚು ಉಬ್ಬುತ್ತಿತ್ತು, ಸೂರತ್ತನ್ನು ತಾವೇ ಕಾಪಾಡಿ ಇಟ್ಟವರ ಹಾಗೆ.

ಮೊದಲು ಇತಿಹಾಸದ ಸಂಘಕ್ಕೆ ಕಳಿಸಿದೆವು. ಬಹಳ ವಿನಯದ ಪತ್ರ ಬಂತು: ವಿಷಯ ಕುತೂಹಲಕರವಾಗಿದೆ, ಆದರೆ ಸಾಕಷ್ಟು ಹಳೆಯದಲ್ಲ, ಸಮಾಜಶಾಸ್ತ್ರಕ್ಕೆ ಹೊಂದೀತು. ಸಮಾಜಶಾಸ್ತ್ರದವರು ಇದು ಭೂಗೋಳ ಎಂದರು. ಭೂಗೋಳದವರು ನಕ್ಷೆ ಎಲ್ಲಿ ಎಂದು ಕೇಳಿದರು. ಚಿಕ್ಕಪ್ಪ ನಕ್ಷೆ ಬರೆದರು, ವಾಪಿಯಿಂದ ಅಹಮದಾಬಾದಿನವರೆಗೆ ರೈಲು ಹಳಿ, ಸ್ಟೇಷನ್ನು ಸ್ಟೇಷನ್ನಿಗೂ ಬೆಲ್ಲದ ಬಣ್ಣದ ಚುಕ್ಕೆ. ಅದನ್ನು ನೋಡಿ ಅವರು ಇದು ಗೃಹವಿಜ್ಞಾನ ಎಂದು ತೀರ್ಪು ಕೊಟ್ಟರು. ಗೃಹವಿಜ್ಞಾನದವರಿಗೆ ಬೆಲ್ಲ ಗ್ರಾಂ ಲೆಕ್ಕದಲ್ಲಿ ಬೇಕಿತ್ತು. ಸಂಖ್ಯಾಶಾಸ್ತ್ರದವರಿಗೆ ಒಂದೇ ನಾಲಿಗೆಯ ಮಾತು ಸಾಲದು, ಮುನ್ನೂರು ನಾಲಿಗೆ ಬೇಕಿತ್ತು!

ಒಂದೊಂದು ಪತ್ರ ಬಂದಾಗಲೂ ನಾನು ಮತ್ತೆ ಟೈಪ್ ಮಾಡಬೇಕು. ಬ್ಯಾಂಕಿನಿಂದ ಬಂದು, ಚಿಕ್ಕಪ್ಪ ಎಲ್ಲಿಂದಲೋ ತಂದ ಹಳೆಯ ಕಂಪ್ಯೂಟರಿನ ಮುಂದೆ ಕೂತು, 'ಸಾಂಬಾರು' ಎಂಬ ಪದವನ್ನು ಒಂದು ಪುಟಕ್ಕೆ ಇಪ್ಪತ್ತು ಸಲ ಕುಟ್ಟುತ್ತಿದ್ದೆ. ಐದನೇ ಸಲಕ್ಕೆ ಫ್ಲಾಪಿ ಕೈಕೊಟ್ಟಿತು. ಏಳನೇ ಸಲಕ್ಕೆ ನಾನು ಸಿಡಿದುಬಿದ್ದೆ.

"ಚಿಕ್ಕಪ್ಪ, ಇನ್ನೆಷ್ಟು ಜನ ಬೇಡ ಅನ್ನಬೇಕು ನಿಮಗೆ?"

"ಯಾರು ಬೇಡ ಹೇಳಿದ್ದು?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಪಕ್ಕದ ಕೌಂಟರಿಗೆ ಹೋಗಿ ಹೇಳಿದ್ದಾರೆ ಅಷ್ಟೇ. ನಿಮ್ಮ ಬ್ಯಾಂಕಿನಲ್ಲಿ ಹಾಗೆ ಹೇಳುದಿಲ್ವಾ?"

ಎಂಟನೇ ಸಲ ಟೈಪ್ ಮಾಡಿದೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡರು. "ಊರಲ್ಲಿರುವ ಸಾಂಬಾರನ್ನೆಲ್ಲ ಚಪ್ಪರಿಸಿ ಬರುದು, ಆ ಹುಡುಗಿಯ ಬೆರಳು ಸವೆಸುದು. ಸಾಂಬಾರಿನಲ್ಲಿ ಎಂತ ಉಂಟು ಅಂತ ಬರೆಯುದು ಹ್ವಾಯ್?" ಎಂದರು. ಚಿಕ್ಕಪ್ಪ ಗಂಭೀರವಾಗಿ, "ಬೆಲ್ಲ," ಎಂದರು.

ಒಂಬತ್ತನೆಯ ಪ್ರತಿ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಗೆ ಹೋಯಿತು. ಎಲ್ಲ ಶಾಸ್ತ್ರಗಳವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಸಮ್ಮೇಳನ ಮಾಡುವುದು ಆ ಸಂಸ್ಥೆಯ ಕ್ರಮ. ಹತ್ತು ದಿನಕ್ಕೆ ಉತ್ತರ ಬಂತು: ಸ್ವೀಕರಿಸಲಾಗಿದೆ. ಚಿಕ್ಕಪ್ಪ ಪತ್ರವನ್ನು ಹೋಟೆಲಿನ ಗಲ್ಲಾದ ಮೇಲೆ ಗಾಜಿನಡಿ ಇಟ್ಟರು. ಆ ದಿನ ಬಂದ ಗಿರಾಕಿಗಳೆಲ್ಲ ಅದನ್ನು ಓದಿಯೇ ಹೊರಗೆ ಹೋಗಬೇಕಾಯಿತು.

ಇಲ್ಲಿ ಅವರು ಒಂದು ತಪ್ಪು ಮಾಡಿದರು. ಹೋಟೆಲಿನವರಲ್ಲದೆ ಇನ್ಯಾರೂ ಮಾಡಲಾರದ ತಪ್ಪು! ತಾವು ಪ್ರಬಂಧ ಓದುವ ದಿನದ ಊಟದ ವ್ಯವಸ್ಥೆಯನ್ನು ತಾವೇ ವಹಿಸಿಕೊಂಡರು. ಸಂಸ್ಥೆಯವರು ಬೆಳಿಗ್ಗೆ ಹತ್ತೂವರೆಯ ಹೊತ್ತು ಕೊಟ್ಟಿದ್ದರು. "ಬೆಳಿಗ್ಗೆ ಒಲೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ, ಊಟ ಆದ ಮೇಲೆ ಕೊಡಿ," ಎಂದು ಫೋನು ಮಾಡಿ ಬದಲಾಯಿಸಿಕೊಂಡರು.

"ನಿಮ್ಮ ಊಟ ಉಂಡವರು ನಿಮ್ಮ ಮಾತು ಕೇಳ್ತಾರಾ?" ಎಂದು ಚಿಕ್ಕಮ್ಮ ಎಚ್ಚರಿಸಿದರು. ಅವರ ಮಾತನ್ನು ಯಾರು ಕೇಳಬೇಕು?

ಆ ದಿನದ ಊಟವನ್ನು ಏನೆಂದು ಹೇಳಲಿ! ಗೋಳಿಬಜೆ, ಮಜ್ಜಿಗೆಹುಳಿ, ಪತ್ರೊಡೆ, ಎರಡು ಬಗೆಯ ಪಲ್ಯ, ಕೊನೆಗೆ ತುಪ್ಪದಲ್ಲಿ ಮುಳುಗಿದ ಹಯಗ್ರೀವ. ಇಪ್ಪತ್ತು ವರ್ಷದ ಕೃತಜ್ಞತೆಯನ್ನೆಲ್ಲ ಒಂದೇ ಪಂಕ್ತಿಯಲ್ಲಿ ಬಡಿಸಿಬಿಟ್ಟರು. ಬಡಿಸುತ್ತ ಒಬ್ಬೊಬ್ಬರ ಹತ್ತಿರವೂ ಬಗ್ಗಿ, "ಎರಡೂಕಾಲಿಗೆ ನನ್ನ ಪೇಪರ್ ಉಂಟು ಸಾರ್," ಎಂದು ಹೇಳಿ ಇನ್ನೊಂದು ಸೌಟು ಹಯಗ್ರೀವ ಹಾಕಿದರು. ಎಲ್ಲರೂ ಬಾಯಿ ತುಂಬಿಕೊಂಡೇ ತಲೆಯಾಡಿಸಿದರು.

ಎರಡೂಕಾಲಿಗೆ ಚಿಕ್ಕಪ್ಪ ಕೈ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡು ವೇದಿಕೆ ಹತ್ತಿದರು. ಸಭಾಂಗಣದಲ್ಲಿ ನೂರಿಪ್ಪತ್ತು ಕುರ್ಚಿಗಳು. ಕೂತವರು ಇಬ್ಬರು, ನಾನು ಮತ್ತು ಆ ಗೋಷ್ಠಿಯ ಅಧ್ಯಕ್ಷೆ. ಅಧ್ಯಕ್ಷೆ ಅರವತ್ತು ದಾಟಿದ ಗುಜರಾತಿ ಪ್ರೊಫೆಸರು. ಸಕ್ಕರೆ ಕಾಯಿಲೆ ಇದ್ದುದರಿಂದ ಹಯಗ್ರೀವ ಮುಟ್ಟಿರಲಿಲ್ಲ, ಆದ್ದರಿಂದ ಎಚ್ಚರವಾಗಿದ್ದರು! ಕಿಟಕಿಯಿಂದ ನೋಡಿದೆ. ಹೊರಗೆ ಬೇವಿನ ಮರಗಳ ಕೆಳಗೆ, ಚಳಿಗಾಲದ ಎಳೆ ಬಿಸಿಲಿಗೆ, ಹುಲ್ಲಿನ ಮೇಲೆ ಸಾಲಾಗಿ ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ಎಲ್ಲವೂ ಸಮ್ಮೇಳನದ ಚೀಲವನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದವು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮೈಕಿನ ಮುಂದೆ ಹಾಳೆಗಳನ್ನು ಹಿಡಿದು ನಿಂತ ಚಿಕ್ಕಪ್ಪ ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಎಲ್ಲಿ ಹೋದರೂ ತಲೆ ಎತ್ತಿಕೊಂಡೇ ಇರುವ ಮನುಷ್ಯ, ಆ ಹೊತ್ತಿನಲ್ಲಿ ಹಾಳೆಗಳನ್ನು ಸುಮ್ಮನೆ ಸರಿಪಡಿಸುತ್ತಿದ್ದರು. ಒಂಬತ್ತು ಸಲ ಗೊಣಗುತ್ತ ಟೈಪ್ ಮಾಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಚಿಕ್ಕಮ್ಮ! ಅವರ ಹಿಂದೆ ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು, ಒಟ್ಟು ಎಂಟು ಜನ, ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ. "ಪಾತ್ರೆ ಎಲ್ಲಿಗೂ ಓಡಿ ಹೋಗುದಿಲ್ಲ, ಆಮೇಲೆ ತೊಳೆಯುವಾ. ಕೂತ್ಕೊಳ್ಳಿ," ಎಂದು ಚಿಕ್ಕಮ್ಮ ಅವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದರು. ತಾವು ಕೊನೆಯ ಸಾಲಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತರು.

ಚಿಕ್ಕಪ್ಪ ಇಂಗ್ಲಿಷಿನಲ್ಲಿ ಒಂದು ಪುಟ ಓದಿದರು. ಎಂಟೂ ಜನ ಪೂಜೆಗೆ ಕೂತವರ ಹಾಗೆ ಕೈ ಕಟ್ಟಿ ಕೂತಿದ್ದರು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, "ಅರೆ ಭಾಯಿ, ಇವರಿಗೆ ತಿಳಿಯುವ ಭಾಷೆಯಲ್ಲೇ ಹೇಳಿ. ನನಗೆ ನಕ್ಷೆ ಸಾಕು, ಉಳಿದದ್ದನ್ನು ನಿಮ್ಮ ಹುಡುಗಿ ಹೇಳುತ್ತಾಳೆ," ಎಂದು ಹಿಂದಿಯಲ್ಲಿ ಹೇಳಿ ನನ್ನನ್ನು ಪಕ್ಕಕ್ಕೆ ಕರೆದರು.

ಚಿಕ್ಕಪ್ಪ ಹಾಳೆ ಮಡಚಿಟ್ಟರು. ಕನ್ನಡದಲ್ಲಿ ಹೇಳತೊಡಗಿದರು ನೋಡಿ, ಮನುಷ್ಯ ಬೇರೆಯೇ ಆದರು! ಹದಿನಾರನೇ ವಯಸ್ಸಿಗೆ ವಾಪಿಯಲ್ಲಿ ಇಳಿದದ್ದು, ಮೊದಲ ಗಿರಾಕಿ ಸಾಂಬಾರಿನ ಬಟ್ಟಲನ್ನು ದೂರ ಸರಿಸಿದ್ದು, ಯಜಮಾನರು ಹೆದರಿ ಹೆದರಿ ಒಂದು ತುಂಡು ಬೆಲ್ಲ ಹೆಚ್ಚು ಹಾಕಿದ್ದು, ಮರುದಿನ ಅದೇ ಗಿರಾಕಿ ಎರಡನೇ ಬಟ್ಟಲು ಕೇಳಿದ್ದು. "ನಾವು ಇಲ್ಲಿ ಬದುಕಿದ್ದು ಬೆಲ್ಲ ಏರಿಸಿ. ಯಾರು ಎಷ್ಟು ಏರಿಸಿದ್ದಾರೆ ಅಂತ ನಾನು ಅಳೆದಿದ್ದೇನೆ, ಅಷ್ಟೇ," ಎಂದರು. ಒಂಬತ್ತು ಸಲ ಟೈಪ್ ಮಾಡಿದ್ದೆನಲ್ಲ, ಅದರಲ್ಲಿ ಏನಿತ್ತು ಎಂದು ನನಗೆ ತಿಳಿದದ್ದು ಆಗಲೇ. ನಾನು ಅಧ್ಯಕ್ಷೆಯ ಕಿವಿಯಲ್ಲಿ ಹಿಂದಿಗೆ ಇಳಿಸುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಸೂರತ್ತಿನ ಸೊನ್ನೆಯ ಹತ್ತಿರ ಬಂದಾಗ ಚಿಕ್ಕಪ್ಪ ಮೇಜು ಗುದ್ದಿ ಮುಗಿಸಿದರು.

"ಯಾರಾದರೂ ಏನಾದರೂ ಕೇಳುವುದಿದೆಯೇ?" ಎಂದರು ಅಧ್ಯಕ್ಷೆ.

ಮೂವತ್ತು ವರ್ಷದಿಂದ ಚಿಕ್ಕಪ್ಪನ ಜೊತೆಗಿರುವ ಹಿರಿಯ ಅಡುಗೆ ಭಟ್ಟರು ಮೆಲ್ಲಗೆ ಎದ್ದರು. "ಕೇಳುವುದಲ್ಲ, ಹೇಳುವುದುಂಟು. ನೀವು ಗಿರಾಕಿಗಳ ನಾಲಿಗೆ ನೋಡಿದಿರಿ. ನಮ್ಮದು ನೋಡ್ಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗ್ತೇನೆ. ಹೆಂಡತಿ ಪ್ರೀತಿಯಿಂದ ಸಾಂಬಾರು ಮಾಡ್ತಾಳೆ. ನನಗೆ ಅದು ಸೇರುದಿಲ್ಲ. ಹುಳಿ ಹುಳಿ ಕಾಣ್ತದೆ. ಅವಳಿಗೆ ಹೇಳ್ಲಿಲ್ಲ, ಹೇಳುದು ಹೇಗೆ?"

ಉಳಿದವರು ತಲೆ ತಗ್ಗಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹೌದಾ ಭಟ್ರೇ?" ಚಿಕ್ಕಪ್ಪನ ದನಿ ಮೆತ್ತಗಾಗಿತ್ತು. "ಪಾಪ. ನನ್ನದು ಪುಣ್ಯ. ನನಗೆ ಮನೆಯಲ್ಲಿ ದಿನಾ ಊರಿನ ರುಚಿಯೇ ಸಿಗುದರಿಂದ ನಾಲಿಗೆ ಕೆಡ್ಲಿಲ್ಲ."

"ಕೆಟ್ಟಿದೆ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದೆವು. ಚಿಕ್ಕಮ್ಮ ಎದ್ದು ನಿಂತಿರಲಿಲ್ಲ, ಕೂತಲ್ಲಿಂದಲೇ, ನೆಲ ನೋಡುತ್ತ ಹೇಳುತ್ತಿದ್ದರು. "ನಾವು ವಡೋದರಾಕ್ಕೆ ಬಂದ ಸುರುವಿನ ವರ್ಷ. ನೀವು ದಿನಾ ಅರ್ಧ ಅನ್ನ ಬಿಟ್ಟು ಏಳ್ತಿದ್ರಿ. ಹಸಿವಿಲ್ಲ ಹೇಳ್ತಿದ್ರಿ. ಹೋಟೆಲಿನಲ್ಲಿ ತಿಂದು ತಿಂದು ನಿಮಗೆ ಊರಿನದ್ದು ಹಿಡಿಸ್ತಿರ್ಲಿಲ್ಲ. ಅದು ನಿಮಗೇ ಗೊತ್ತಿರ್ಲಿಲ್ಲ, ನನಗೆ ಗೊತ್ತಾಯ್ತು. ನಾಲ್ಕು ದಿನಕ್ಕೊಮ್ಮೆ ಒಂದೊಂದು ಚೂರು ಬೆಲ್ಲ ಏರಿಸಿದೆ, ನೀವು ತಟ್ಟೆ ಖಾಲಿ ಮಾಡುವವರೆಗೆ. ನೆಲ್ಲಿಕಾಯಿಯಷ್ಟು ಆದಾಗ ಖಾಲಿಯಾಯ್ತು. ಮತ್ತೆ ಅಲ್ಲಿಗೇ ನಿಲ್ಲಿಸಿದೆ."

"ಮತ್ತೆ ನೀನು? ನೀನೂ ಅದನ್ನೇ ಉಣ್ಣುದಾ?"

"ನನ್ನದು ಬೆಲ್ಲ ಹಾಕುವ ಮುಂಚೆ ಸಣ್ಣ ಪಾತ್ರೆಯಲ್ಲಿ ತೆಗೆದಿಡ್ತೇನೆ. ಈ ಹುಡುಗಿಗೂ ಅದರಿಂದಲೇ ಬಡಿಸುದು. ನಾನು ಆಮೇಲೆ ಉಣ್ಣುದಲ್ವಾ, ನೀವು ನೋಡುದೆಲ್ಲಿ?"

ಚಿಕ್ಕಪ್ಪನ ಸೊನ್ನೆ ಸೊನ್ನೆಯಾಗಿರಲಿಲ್ಲ! ಸೂರತ್ತಿನವರು ಎಲ್ಲರಂತೆ ಬಗ್ಗಿದ್ದರು, ನಕ್ಷೆಯ ಚುಕ್ಕೆಗಳೆಲ್ಲ ತಪ್ಪು, ಇಡೀ ಸಿದ್ಧಾಂತ ಚಿಕ್ಕಮ್ಮನ ಬೆಲ್ಲದ ಡಬ್ಬಿಯಲ್ಲಿ ಕರಗಿಹೋಗಿತ್ತು. ಏನೆಂದು ಅಧ್ಯಕ್ಷೆ ನನ್ನ ತೋಳು ಹಿಡಿದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಚಿಕ್ಕಮ್ಮನನ್ನೇ ನೋಡಿದರು. "ಭಾಯಿ, ಇದನ್ನು ಸೇರಿಸಿ ಹೊಸದಾಗಿ ಬರೆದು ಕಳಿಸಿ. ಸಮ್ಮೇಳನದ ಪುಸ್ತಕದಲ್ಲಿ ಹಾಕುವ ಜವಾಬ್ದಾರಿ ನನ್ನದು," ಎಂದರು. ಚಿಕ್ಕಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಮೈಕಿನ ಮುಂದೆ ನಿಂತು ಕೊನೆಯ ಸಾಲಿನ ಕುರ್ಚಿಯ ಕಡೆಗೇ ಮುಖ ಮಾಡಿದ್ದರು.

ಮುಂದಿನ ಭಾನುವಾರ ಹತ್ತನೇ ಸಲ ಟೈಪ್ ಮಾಡಲು ಕೂತೆ. ಈ ಸಲ ಗೊಣಗಲಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಹೇಳಿದರು. ಶೀರ್ಷಿಕೆ ಆದ ಮೇಲೆ ಲೇಖಕರ ಹೆಸರು. ಅವರು ಚಿಕ್ಕಮ್ಮನ ಹೆಸರು ಹೇಳಿದರು, ಆಮೇಲೆ ತಮ್ಮದು.

"ಮೊದಲು ನಿಮ್ಮದಲ್ವಾ ಚಿಕ್ಕಪ್ಪ?"

"ಅಲ್ಲ. ಮುಖ್ಯ ಕೆಲಸ ಯಾರು ಮಾಡಿದ್ದಾರೋ ಅವರದ್ದು ಮೊದಲು. ಅದು ವಿದ್ವಾಂಸರ ಪದ್ಧತಿ," ಎಂದರು, ಹನ್ನೊಂದು ಸಂಘಗಳ ಆಜೀವ ಸದಸ್ಯರ ಪೂರ್ಣ ಅಧಿಕಾರದಿಂದ.

ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ಹಾಳೆಯನ್ನು ಬಗ್ಗಿ ನೋಡಿದರು. "ಇದರಲ್ಲಿ ನನ್ನ ಹೆಸರು ಯಾವುದು, ತೋರಿಸು," ಎಂದರು. ತೋರಿಸಿದೆ. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳು ಎಳೆದು, "ಇಷ್ಟು ಉದ್ದ ಉಂಟಾ?" ಎಂದರು. ಆಮೇಲೆ ಅಡುಗೆಮನೆಗೆ ಹೋದರು.

ಆ ಮಧ್ಯಾಹ್ನ ಚಿಕ್ಕಪ್ಪ ತಮ್ಮ ತಟ್ಟೆ ಹಿಡಿದು ಅಡುಗೆಮನೆಯೊಳಗೇ ಹೋಗಿ ಚಿಕ್ಕಮ್ಮನ ಪಕ್ಕ ನೆಲದ ಮೇಲೆ ಕೂತರು. "ನಿನ್ನ ಪಾತ್ರೆಯದ್ದು ಹಾಕು," ಎಂದರು. ಚಿಕ್ಕಮ್ಮ ಬೇಡ ಬೇಡ ಎಂದರೂ ಕೇಳಲಿಲ್ಲ. ಮೊದಲ ತುತ್ತಿಗೆ ಅವರ ಮುಖ ಕಿವುಚಿಕೊಂಡಿತು, ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚಿಕ್ಕಪ್ಪ ಒಂದು ಅಗುಳೂ ಬಿಡದೆ ಉಂಡರು, ಇನ್ನೊಂದು ಸೌಟು ಕೇಳಿದರು.